ಕಳರಿಯ ಬೀಗ ತೆಗೆಯುವ ಮೊದಲು

ಕಾಸರಗೋಡಿನ ಬದಿಯಡ್ಕದ ಆಚೆ ನಮ್ಮದೊಂದು ಸಣ್ಣ ಕಳರಿ, ಅಂದರೆ ಕಳರಿಪಯಟ್ಟು ಅನ್ನುವ ಕೇರಳದ ಯುದ್ಧಕಲೆ ಕಲಿಸುವ ಜಾಗ, ಇದೆ. 2020ರಲ್ಲಿ ಕೊರೊನಾ ಬಂದು ಮಾರ್ಚಿನಲ್ಲಿ ಹಾಕಿದ ಬೀಗ ಮಳೆ ನಿಂತ ಮೇಲೆ ತೆಗೆದೆವು. ಆಗ ಅಲ್ಲಿ ಇಲ್ಲಿ ಕಳರಿ, ಕರಾಟೆ ಹೇಳಿಕೊಡುವವರು ಫೋನ್ ಮಾಡಿ, "ಹೇಗೆ ಶುರು ಮಾಡಿದಿರಿ ಮಾಷ್ಟ್ರೇ?" ಅಂತ ಕೇಳುತ್ತಿದ್ದರು. ಜಾಸ್ತಿ ಜನ ಕೇಳುತ್ತಿದ್ದದ್ದು ಸ್ಯಾನಿಟೈಸರ್ ವಿಷಯ. ನಾನು ಅವರಿಗೆ ಮೊದಲು ಹೇಳುತ್ತಿದ್ದದ್ದು ಗಾಳಿಯ ವಿಷಯ. ಆಗ ಹೇಳಿದ್ದನ್ನು ಹಾಗೆಯೇ ಇಲ್ಲಿ ಬರೆದಿದ್ದೇನೆ.

ಹಳೇ ಕ್ರಮದ ಕಳರಿ ಅಂದರೆ ಗೊತ್ತಲ್ಲ, ನೆಲಕ್ಕಿಂತ ತಗ್ಗಿನಲ್ಲಿರುವ ಗುಂಡಿ. 42 ಅಡಿ ಉದ್ದ, 21 ಅಡಿ ಅಗಲ, ಪೂರ್ವಕ್ಕೊಂದು ಬಾಗಿಲು, ಮೇಲೆ ಮಡಲಿನ, ಅಂದರೆ ಹೆಣೆದ ತೆಂಗಿನ ಗರಿಯ, ಮಾಡು (ಛಾವಣಿ). ಎಣ್ಣೆ ಹಚ್ಚಿ ಬೆವರಿದ ಮೈಗೆ ಗಾಳಿ ಹೊಡೆಯಬಾರದು ಅಂತಲೇ ಹಿರಿಯರು ಹಾಗೆ ಕಟ್ಟಿದ್ದು. ಕೊರೊನಾಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? 2020ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದ ಚೋನಾನ್ ಊರಿನಲ್ಲಿ ಝುಂಬಾ ಅನ್ನುವ ಕುಣಿತದ ವ್ಯಾಯಾಮದ ತರಗತಿಗಳಿಂದ ಶುರುವಾಗಿ 112 ಜನರಿಗೆ ಸೋಂಕು ತಗಲಿತು. ಸಣ್ಣ ಕೋಣೆ, ತುಂಬಾ ಜನ, ಏದುಸಿರು. ಅದೇ ಸರಣಿಯಲ್ಲಿ ಸೋಂಕಿದ್ದ ಒಬ್ಬ ಟೀಚರ್ ಏಳೆಂಟು ಮಂದಿಗೆ ನಿಧಾನದ ಯೋಗ, ಪಿಲಾಟೆಸ್ ಕಲಿಸಿದ್ದರು. ಅವರ ಶಿಷ್ಯರಲ್ಲಿ ಯಾರಿಗೂ ಬರಲಿಲ್ಲ. ಎಷ್ಟು ಜನ, ಎಷ್ಟು ಜೋರು ಉಸಿರು, ಎಷ್ಟು ಗಾಳಿ, ಈ ಮೂರು ನೋಡಿಕೊಂಡರೆ ಅರ್ಧ ಕೆಲಸ ಆಯಿತು.

ಅದಕ್ಕೇ ನಾವು ಅಂಗಳಕ್ಕೆ ಬಂದೆವು. ಅಡಿಕೆ ಒಣಹಾಕುವ ಅಂಗಳ ಸಮತಟ್ಟಾಗಿರುತ್ತದೆ. ಆದರೆ ಕೊಯ್ಲು ಶುರುವಾದ ಮೇಲೆ ಅಲ್ಲಿ ಕಾಲಿಡಲು ಬಿಡುವುದಿಲ್ಲ, ಮನೆಯವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. "ಬಯಲಲ್ಲಿ ಆಡುವುದು ಕಳರಿ ಹೌದಾ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಹಿಂದೆ ಅಂಕ, ಅಂದರೆ ಇಬ್ಬರ ಕಾಳಗ, ನಡೆಯುತ್ತಿದ್ದದ್ದು ಬಯಲಿನಲ್ಲಿ ಅಂಕತ್ತಟ್ಟು ಅನ್ನುವ ಎತ್ತರದ ಕಟ್ಟೆಯ ಮೇಲೆ, ಹೇಳಿಬಿಡಿ.

ಒಳಗೇ ಮಾಡಬೇಕಾಗಿ ಬಂದರೆ ಮಾಡಿನ ಕೆಳಗಿನ ಎರಡು ಸಾಲು ಮಡಲು ಬಿಚ್ಚಿ. ಬಾಗಿಲಿನ ಹತ್ತಿರ ಫ್ಯಾನನ್ನು ಹೊರಮುಖ ಮಾಡಿ ಇಟ್ಟರೆ ಒಳಗಿನ ಗಾಳಿ ಹೊರಗೆ ಹೋಗುತ್ತದೆ. 21 ಅಡಿ ಅಗಲಕ್ಕೆ ಮೂರು ಸಾಲು ಎಳೆದರೆ ಒಬ್ಬೊಬ್ಬರಿಗೆ ಏಳು ಅಡಿ ಸಿಗುತ್ತದೆ. ಮೈಪಯಟ್ಟು, ಅಂದರೆ ಆಯುಧವಿಲ್ಲದ ಮೈಯ ಕಸರತ್ತು, ಉದ್ದಕ್ಕೆ ಹೋಗಿ ಬರುವ ಆಟ, ಆದ್ದರಿಂದ ಒಂದು ಸಲಕ್ಕೆ ಮೂವರು ಮಾತ್ರ. ಉಳಿದವರು ಹೊರಗೆ ಮರದ ಕೆಳಗೆ ಕಾಯಲಿ. ಅರ್ಧ ಗಂಟೆ ಆಡಿ, ಎಲ್ಲರೂ ಹೊರಗೆ ಬಂದು, ಗಾಳಿ ಬದಲಾಗಲು ಬಿಟ್ಟು, ಮತ್ತೆ ಇಳಿಯಿರಿ.

ಇನ್ನು ವಾಯ್ತಾರಿ, ಅಂದರೆ ಆಡಿಸುವಾಗ ಬಾಯಲ್ಲಿ ಕೊಡುವ ಅಪ್ಪಣೆ. ಯಾರೂ ಯೋಚನೆ ಮಾಡದ ಅಪಾಯ ಇದು. ಮಕ್ಕಳು ಬಾಯಿ ಮುಚ್ಚಿ ಆಡುತ್ತಾರೆ, ಇಡೀ ಹೊತ್ತು ಬಾಯಿ ತೆರೆದು ಕೂಗುವವರು ಕಲಿಸುವ ನಾವು, ಗುರುಕ್ಕಳ್‌ಗಳು. ಒಂದೊಂದು ಚುವಡಿಗೂ (ಹೆಜ್ಜೆಗೂ) ಎದೆ ತುಂಬಾ ಉಸಿರೆಳೆದು ಗಟ್ಟಿಯಾಗಿ ಹೇಳುತ್ತೇವೆ, ಅದೂ ದೀಪ ಹಚ್ಚುವ ಮೆಟ್ಟಿಲು ಪೀಠ ಪೂತ್ತರದ ಹತ್ತಿರ, ಗಾಳಿಯೇ ಇಲ್ಲದ ನೈರುತ್ಯ ಮೂಲೆಯಲ್ಲಿ ನಿಂತು. ನಾನು ಎಲ್ಲ ವಾಯ್ತಾರಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಸಣ್ಣ ಸ್ಪೀಕರಿನಲ್ಲಿ ಹಾಕುತ್ತೇನೆ. ತಪ್ಪು ತಿದ್ದಬೇಕಾದರೆ ನಿಲ್ಲಿಸಿ, ಮಾಸ್ಕ್ ಹಾಕಿಕೊಂಡು, ಮೆಲ್ಲ ಹೇಳುತ್ತೇನೆ. ಹುಡುಗರಿಗೆ ತಮಾಷೆ. "ಗುರುಕ್ಕಳೇ, ನಿಮಗಿಂತ ಸ್ಪೀಕರೇ ಒಳ್ಳೆಯದು, ಬಯ್ಯುವುದಿಲ್ಲ" ಅಂತಾರೆ. ಕರಾಟೆಯವರಾದರೆ ಕಿಯಾಯ್ ಕೂಗುವುದನ್ನು ಸದ್ಯಕ್ಕೆ ಬಿಡಿಸಿ.

ಮಾಸ್ಕ್ ವಿಷಯದಲ್ಲಿ ನನ್ನ ಲೆಕ್ಕ ಹೀಗೆ: ಹೇಳಿಕೊಡುವವರಿಗೆ ಯಾವಾಗಲೂ ಬೇಕು, ಕಾಯುತ್ತಾ ನಿಂತವರಿಗೂ ಬೇಕು. ಬಯಲಲ್ಲಿ ದೂರ ದೂರ ನಿಂತು ಜೋರಾಗಿ ಕಾಲೆತ್ತುವಾಗ ತೆಗೆಯಬಹುದು. ಬೆವರಿಗೆ ಒದ್ದೆಯಾದ ಮಾಸ್ಕಿನಲ್ಲಿ ಉಸಿರು ಸರಿಯಾಗಿ ಆಡುವುದಿಲ್ಲ. ಚೀಲದಲ್ಲಿ ಇನ್ನೊಂದು ಒಣಗಿದ್ದು ಇರಲಿ.

ಗೇಟಿನಲ್ಲಿ ಜ್ವರ ನೋಡುವ ಗನ್ ಸುಮ್ನೆ ಸಮಾಧಾನಕ್ಕೆ. ಬಿಸಿಲಲ್ಲಿ ಸೈಕಲ್ ತುಳಿದು ಬಂದ ಹುಡುಗನ ಹಣೆ ಬಿಸಿ ಇರುತ್ತದೆ, ಲಕ್ಷಣವೇ ಇಲ್ಲದ ಸೋಂಕಿತ ತಣ್ಣಗೆ ಒಳಗೆ ಬರುತ್ತಾನೆ. ಅದಕ್ಕಿಂತ ಬಾಯಲ್ಲಿ ಕೇಳಿ. ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಇದೆಯಾ? ಊಟದ ವಾಸನೆ, ರುಚಿ ಗೊತ್ತಾಗುತ್ತಿದೆಯಾ? ಯಾರಾದರೂ ಕ್ವಾರಂಟೈನಿನಲ್ಲಿ ಇದ್ದಾರಾ? ಹೆಸರು, ಫೋನ್ ನಂಬರು ಪುಸ್ತಕದಲ್ಲಿ ಬರೆದಿಡಿ. ಆದರೆ ಸತ್ಯ ಹೇಳಬೇಕಾದರೆ ಹೇಳಿದವರಿಗೆ ನಷ್ಟ ಆಗಬಾರದು. ಗಲ್ಫಿನಿಂದ ಬಂದವರ ಮನೆಯನ್ನು ನಮ್ಮ ಜಿಲ್ಲೆಯಲ್ಲಿ ಶುರುವಿಗೆ ಜನ ಹೇಗೆ ನೋಡಿದರು ಅಂತ ಮರೆತಿಲ್ಲವಲ್ಲ. ರಜೆ ಹಾಕಿದ ವಾರದ ಫೀಸು ಬೇಡ, ತಪ್ಪಿದ ಪಾಠ ಆಮೇಲೆ ಹೇಳಿಕೊಡುತ್ತೇನೆ ಅಂತ ಗ್ರೂಪಿನಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಹಾಕಿ. ಸಾವಿರ ರೂಪಾಯಿಯ ಗನ್ ಮಾಡದ ಕೆಲಸ ಇದು ಮಾಡುತ್ತದೆ.

ಕಾಲು ಮುಟ್ಟಿ ನಮಸ್ಕಾರ ಮಾಡುವುದು ಬೇಡ, ದೂರದಿಂದ ಕೈ ಮುಗಿದರೆ ಸಾಕು. ಒಬ್ಬಳ ಅಜ್ಜಿಗೆ ಇದು ಒಪ್ಪಿಗೆಯಾಗಲಿಲ್ಲ. "ಗುರುವಿನ ಕಾಲು ಮುಟ್ಟದೆ ಕಲಿತ ವಿದ್ಯೆ ಎಂಥದ್ದು?" ಅಂದರು. "ಅಜ್ಜಿ, ರೋಗ ಹೋಗಲಿ, ಬಾಕಿ ಎಲ್ಲ ಒಟ್ಟಿಗೆ ತೆಗೆದುಕೊಳ್ಳುತ್ತೇನೆ" ಅಂದೆ.

ಪೂತ್ತರದಲ್ಲಿ ದೀಪ ಹಚ್ಚುವ ಮೊದಲು ಕೈಗೆ ಸ್ಯಾನಿಟೈಸರ್ ಹಾಕಬೇಡಿ. ಅದರಲ್ಲಿ ಮುಕ್ಕಾಲು ಪಾಲು ಸ್ಪಿರಿಟ್, ಬೆಂಕಿ ಹಿಡಿಯುತ್ತದೆ. ಸೋಪು ಹಾಕಿ ತೊಳೆದುಕೊಂಡೇ ಬನ್ನಿ. ಬಾಗಿಲ ಹತ್ತಿರ ಬಾಲ್ದಿ, ಚೆಂಬು, ಸೋಪು ಇಟ್ಟರೆ ಆಯಿತು.

ಮಣ್ಣಿನ ನೆಲಕ್ಕೆ ಬ್ಲೀಚಿಂಗ್ ಹೊಡೆಯುವುದು ದಂಡ. ಕ್ಲೋರಿನ್ನಿನ ಶಕ್ತಿಯೆಲ್ಲ ಮಣ್ಣಿನಲ್ಲೇ ಮುಗಿಯುತ್ತದೆ. ಕರಾಟೆಯ ಮ್ಯಾಟ್ ಆದರೆ ಸೋಪುನೀರಿನಲ್ಲಿ ಒರೆಸಿ ಒಣಗಿಸಿ. ಬ್ಲೀಚಿಂಗ್ ಬೇಕಾದದ್ದು ಪಾಯಿಖಾನೆಗೆ. ಶೇ. 30 ಕ್ಲೋರಿನ್ ಇರುವ ಹೊಸ ಪುಡಿ ಲೀಟರಿಗೆ 30 ಗ್ರಾಂ ಹಾಕಿದರೆ ಹತ್ತಿರ ಹತ್ತಿರ ಶೇ. 1ರ ನೀರಾಗುತ್ತದೆ. ಆಸಿಡ್ ಜೊತೆ ಮಾತ್ರ ಬೆರೆಸಲೇಬೇಡಿ, ವಿಷದ ಗಾಳಿ ಬರುತ್ತದೆ. ಕತ್ತಿ, ಬಳುಕುವ ಉದ್ದ ಕತ್ತಿ ಉರುಮಿಗೆ ಬ್ಲೀಚಿಂಗ್ ತಾಗಿಸಬಾರದು, ತುಕ್ಕು ಹಿಡಿಯುತ್ತದೆ. ಹಿಡಿಯನ್ನು ಸೋಪುನೀರಿನ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಎಣ್ಣೆ ಸವರಿ. ಕೋಲು ಅವರವರದ್ದೇ ಇರಲಿ, ಹೆಸರು ಕೆತ್ತಿಕೊಳ್ಳಲಿ. ಸೊಂಟದ ಬಟ್ಟೆ ಕಚ್ಚ ಮನೆಯಲ್ಲೇ ಕಟ್ಟಿಕೊಂಡು ಬರಲಿ, ಬೈರಾಸು (ಟವೆಲು), ನೀರಿನ ಬಾಟಲಿ ಕೂಡ ಸ್ವಂತದ್ದೇ.

ಅಂದ ಹಾಗೆ, ಒಂದು ಮಳೆಗಾಲ ಪೂರ್ತಿ ಮುಚ್ಚಿದ್ದ ಗುಂಡಿಗೆ ಇಳಿಯುವ ಮೊದಲು ಟಾರ್ಚ್ ಹಿಡಿದು ಮೂಲೆ ಮೂಲೆ ನೋಡಿ. ಹಾವು, ಚೇಳು ಲಾಕ್‌ಡೌನ್ ಪಾಲಿಸುವುದಿಲ್ಲ. ನೆಲ ಜಾರುತ್ತದಾ, ಮಾಡಿನ ಬಿದಿರಿಗೆ ಗೆದ್ದಲು ಹಿಡಿದಿದೆಯಾ ಅಂತಲೂ ನೋಡಬೇಕು.

ತಿಂಗಳುಗಟ್ಟಲೆ ಆನ್‌ಲೈನ್ ಕ್ಲಾಸಿಗೆ ಕೂತ ಮಕ್ಕಳ ಮೈ ಮೊದಲಿನಂತೆ ಇಲ್ಲ. ಮೊದಲ ವಾರಗಳಲ್ಲಿ ಅರ್ಧದಷ್ಟು ಮಾತ್ರ ಮಾಡಿಸಿ, ಓಡಿ ಹಾರುವುದು, ಕಾಲು ಪೂರ್ತಿ ಚಾಚಿ ಕೂರುವುದು ಆಮೇಲೆ. ಕೊರೊನಾ ಬಂದು ಹೋದವರನ್ನು ಡಾಕ್ಟರು ಸರಿ ಅನ್ನುವ ತನಕ ಇಳಿಸಬೇಡಿ. ಆಡುವಾಗ ಎದೆನೋವು, ಎದೆಬಡಿತ, ಏದುಸಿರು ಕಂಡರೆ ಅಲ್ಲಿಗೇ ನಿಲ್ಲಿಸಿ.

ಜೊತೆಯಾಟಕ್ಕೆ ನಮ್ಮ ಹಳೇ ಕ್ರಮವೇ ಸರಿಹೋಗುತ್ತದೆ. ಮೊದಲು ಒಬ್ಬೊಬ್ಬರೇ ಮೈಪಯಟ್ಟು, ಆಮೇಲೆ ಉದ್ದ ಕೋಲು. ಎರಡು ಉದ್ದ ಕೋಲಿನ ನಡುವೆ ಅಂತರ ತಾನಾಗಿ ಇರುತ್ತದೆ. ಚೆರುವಡಿ (ಗಿಡ್ಡ ಕೋಲು), ಕಠಾರಿ ಕೊನೆಗೆ, ವೆರುಂಕೈ (ಬರಿಗೈ ಕಾಳಗ) ಸದ್ಯಕ್ಕೆ ಬೇಡವೇ ಬೇಡ. ಜೋಡಿ ಬದಲಾಯಿಸಬೇಡಿ. ಅಣ್ಣ ತಂಗಿ ಇದ್ದರೆ ಅವರೇ ಜೋಡಿ.

ಬ್ಯಾಚು ಕೂಡ ಹಾಗೆಯೇ, ಬೆಳಗಿನವರು ಸಂಜೆಗೆ ಬರಬಾರದು. ಯಾರಿಗಾದರೂ ಪಾಸಿಟಿವ್ ಆದರೆ ಆ ಬ್ಯಾಚು ಮಾತ್ರ ನಿಲ್ಲುತ್ತದೆ. ಅದೇ ದಿನ ಆ ಬ್ಯಾಚಿನ ಎಲ್ಲರ ಮನೆಗೂ ತಿಳಿಸಿ, ಹೆಸರು ಹೇಳಬೇಡಿ. ವಾರ್ಡಿನ ಆಶಾ ಕಾರ್ಯಕರ್ತೆಗೂ ಹೇಳಿ. ಸಂಶಯವಿದ್ದರೆ ಕೇರಳದ ಆರೋಗ್ಯ ಸಹಾಯವಾಣಿ ದಿಶಾದ 1056ಕ್ಕೆ ಫೋನ್ ಮಾಡಬಹುದು. ವಾರ್ಡು ಕಂಟೈನ್‌ಮೆಂಟ್ ಆದರೆ ಎಲ್ಲರಿಗೂ ರಜೆ.

ಉಳಿಚ್ಚಿಲ್, ಅಂದರೆ ಎಣ್ಣೆ ತಿಕ್ಕುವ ಮಾಲೀಶು, ಕೇಳಿ ಸುಮಾರು ಜನ ಬರುತ್ತಾರೆ. ಮುಚ್ಚಿದ ಕೋಣೆ, ಹಗ್ಗ ಹಿಡಿದು ಮೇಲೆ ನಿಂತು ಕಾಲಲ್ಲಿ ತಿಕ್ಕುವವನ ಉಸಿರು ಸೀದಾ ಕೆಳಗೆ ಮಲಗಿದವರ ಮೇಲೆ. ಅದನ್ನು ಇನ್ನೂ ಶುರು ಮಾಡಿಲ್ಲ. ಎಣ್ಣೆ ಬಾಟಲಿಯಲ್ಲಿ ತುಂಬಿಸಿ ಕೊಡುತ್ತೇನೆ, ಮನೆಯವರ ಹತ್ತಿರ ತಿಕ್ಕಿಸಿಕೊಳ್ಳಿ ಅನ್ನುತ್ತೇನೆ.