ಸಂಡೂರಿನ ಕೆಂಪು ಕಲ್ಲು, ಅಕ್ಕನ ಪದಕ

ಕಲ್ಲು ಕೈಗೆ ಬಂದಾಗ ಮೊದಲು ಗೊತ್ತಾಗಿದ್ದು ಅದರ ಭಾರ. ಅಂಗೈಯಷ್ಟು ಚೂರು. ಸಂಡೂರಿನ ಕಡೆಯ ಗೆಳೆಯ ತಂದುಕೊಟ್ಟಿದ್ದ. ಒಂದು ಕೆಂಪು ಪಟ್ಟೆ, ಒಂದು ಉಕ್ಕಿನ ಬಣ್ಣದ ಪಟ್ಟೆ, ಮತ್ತೆ ಕೆಂಪು. ಕೆಂಪಿರುವುದು ಜಾಸ್ಪರ್. ಉಕ್ಕಿನ ಹಾಗೆ ಹೊಳೆಯುವುದು ಹೆಮಟೈಟ್, ಅಂದರೆ ಕಬ್ಬಿಣದ ಅದಿರು. ಭಾರ ಅದರದ್ದೇ.

ಜಾಸ್ಪರ್ ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಒತ್ತಿಕೊಂಡಿರುವ ಕ್ವಾರ್ಟ್ಸ್, ನಮ್ಮ ಬೆಣಚುಕಲ್ಲು. ಅಗೇಟ್ ಕೂಡ ಅದೇ ಜಾತಿ. ಆದರೆ ಅಗೇಟಿನ ತೆಳು ಹೋಳನ್ನು ಬಲ್ಬಿಗೆ ಹಿಡಿದರೆ ಬೆಳಕು ದಾಟುತ್ತದೆ, ಜಾಸ್ಪರಿನಲ್ಲಿ ದಾಟುವುದಿಲ್ಲ, ಒಳಗೆ ಅಷ್ಟು ಕಲಬೆರಕೆ. ಈ ಕೆಂಪೂ ಆ ಕಲಬೆರಕೆಯದ್ದೇ. ಗಡಸುತನ, ವಜ್ರಕ್ಕೆ 10 ಕೊಡುವ ಮೋಸ್ ಅಳತೆಯಲ್ಲಿ, 6.5ರಿಂದ 7. ಅಡುಗೆಮನೆಯ ಚಾಕುವಿನಿಂದ ಕೆಂಪು ಪಟ್ಟೆಯನ್ನು ಗೀಚಿ ನೋಡಿದೆ. ಬೂದು ಗೆರೆ ಬಿತ್ತು. ಒರೆಸಿದರೆ ಕಲ್ಲಿಗೆ ಏನೂ ಆಗಿಲ್ಲ, ಸವೆದಿದ್ದು ಚಾಕು!

ವಜ್ರದ ಪುಡಿ ಕೂರಿಸಿದ ಬ್ಲೇಡಿನಲ್ಲಿ 5 ಮಿ.ಮೀ. ದಪ್ಪದ ಹೋಳು ಕೊಯ್ದೆ. ನೀರು ಬಿಡುತ್ತಲೇ ಇರಬೇಕು. ದಯವಿಟ್ಟು ಒಣಗಲ್ಲನ್ನು ಉಜ್ಜಬೇಡಿ, ಆ ಧೂಳು ಸಿಲಿಕಾ. ಗುಜರಾತಿನ ಖಂಬಾತ್‌ನಲ್ಲಿ ಅಗೇಟ್ ಉಜ್ಜುವ ಎಷ್ಟೋ ಜನರ ಶ್ವಾಸಕೋಶ ತಿಂದಿದ್ದು ಇಂಥದ್ದೇ ಧೂಳು. ತಟ್ಟೆಗೆ ಇಳಿದ ನೀರು ಥೇಟ್ ಹೊಸ್ತಿಲಿಗೆ ಬಳಿಯುವ ಕೆಮ್ಮಣ್ಣು ಕಲಸಿದ ಹಾಗಿತ್ತು. ಕೆಮ್ಮಣ್ಣಿಗೂ ಬಣ್ಣ ಕೊಡುವುದು ಕಬ್ಬಿಣವೇ ಅಲ್ವಾ.

ಆಮೇಲೆ ಉಜ್ಜುವ ಡಿಸ್ಕುಗಳು, ಸಂಖ್ಯೆ ಹೆಚ್ಚಿದಷ್ಟೂ ಪುಡಿ ನಯ. 260, 600, 1200ರಲ್ಲಿ ಏನೂ ತೊಂದರೆ ಆಗಲಿಲ್ಲ. ಎಡವಿದ್ದು ಕೊನೆಗೆ. ಬೇಗ ಮುಗಿಸೋಣ ಅಂತ ಮೆತ್ತನೆಯ ಫೆಲ್ಟಿನ (ಒತ್ತಿದ ಉಣ್ಣೆಬಟ್ಟೆ) ಮೇಲೆ ಹೊಳಪು ಕೊಡುವ ಪುಡಿ ಸೀರಿಯಂ ಆಕ್ಸೈಡ್ ಹಚ್ಚಿ ಗಟ್ಟಿಯಾಗಿ ಒತ್ತಿದೆ. ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ ಬೆಳಕಿನ ಗೆರೆ ಕೆಂಪಿನ ಮೇಲೆ ನೆಟ್ಟಗೆ, ಅದಿರಿನ ಪಟ್ಟೆಯ ಮೇಲೆ ಮುರಿದು ಮುರಿದು ಕಾಣಿಸಿತು. ಅದಿರು ಜಾಸ್ಪರಿಗಿಂತ ಮೆದು. ಫೆಲ್ಟು ಅದನ್ನು ಬೇಗ ತಿಂದು ಹಳ್ಳ ಮಾಡಿಬಿಟ್ಟಿತ್ತು. ಮತ್ತೆ 600ಕ್ಕೇ ಹೋಗಬೇಕಾಯ್ತು. ಎರಡು ಸಂಜೆ ಹೋಯಿತು. ಈ ಸಲ ಗಟ್ಟಿ ಡಿಸ್ಕಿನ ಮೇಲೆ ವಜ್ರದ ಪುಡಿಯಲ್ಲೇ, ಕೈ ಹಗುರ ಬಿಟ್ಟು, 3000ದವರೆಗೆ ಉಜ್ಜಿದೆ. ಫೆಲ್ಟಿಗೆ ಒಂದೇ ನಿಮಿಷ ಕೊಟ್ಟೆ.

ಅಕ್ಕ ನೋಡಿದವಳೇ, "ಇದು ಕುಜನಿಗೇನೋ? ಹವಳದ ಬದಲು ಹಾಕ್ಕೋಬಹುದಾ?" ಅಂದಳು.

"ಅದೆಲ್ಲ ನಂಗೆ ಗೊತ್ತಿಲ್ಲ ಕಣೇ. ದಿನಾ ಹಾಕ್ಕೊಂಡ್ರೂ ಕೆಂಪಿಗೆ ಸುಲಭಕ್ಕೆ ಗೀರು ಬೀಳಲ್ಲ, ಅಷ್ಟೇ."

ಬೆಳ್ಳಿಯ ಕಟ್ಟು ಹಾಕಿಸಿದೆವು. ಬೆಸುಗೆ ಎಲ್ಲ ಮುಗಿದ ಮೇಲೇ ಕಲ್ಲು ಕೂರಿಸಿ ಅಂತ ಅಕ್ಕಸಾಲಿಗೆ ಎರಡು ಸಲ ಹೇಳಿದೆ, ಬೆಂಕಿ ತಾಗಿದರೆ ಕಲ್ಲು ಸೀಳಬಹುದು. ಒಂದು ಪಟ್ಟೆಯಲ್ಲಿ ಆ ಹಳ್ಳ ಕೂದಲೆಳೆಯಷ್ಟು ಉಳಿದಿದೆ. ಕಣ್ಣಿಗೆ ಕಾಣುವುದಿಲ್ಲ. ಮಾತಾಡುತ್ತಾ ಅಕ್ಕ ಉಗುರಿನಿಂದ ಅದನ್ನೇ ಸವರುತ್ತಿರುತ್ತಾಳೆ.