ಬಟವಾಡೆಗೆ ನಾವೂ ಕೂತೆವು

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಕಂಪನಿ ಗೋದಾಮು ಕಟ್ಟಿಸುವಾಗ ಕೂಲಿಕಾರರ ಲೆಕ್ಕಪತ್ರ ನನ್ನ ಪಾಲಿಗೆ ಬಂತು. ಕೆಲಸ ಹಿಡಿದವರು ಒಬ್ಬ ಗುತ್ತಿಗೆದಾರರು. ಅವರ ಕೈಕೆಳಗೆ ಸೆಂಟ್ರಿಂಗ್, ಬಾರ್ ಬೆಂಡಿಂಗ್, ಗೌಂಡಿ ಕೆಲಸಕ್ಕೆ ಬೇರೆ ಬೇರೆ ಸಬ್ ಕಾಂಟ್ರ್ಯಾಕ್ಟರ್‌ಗಳು. ಅವರಿಗೂ ಕೆಳಗೆ ಆಳು ತರುವ ಮುಕದ್ದಮರು. ಗುತ್ತಿಗೆದಾರರ ಬಿಲ್ ನಮ್ಮಲ್ಲಿ ತಪ್ಪದೆ ಪಾಸಾಗುತ್ತಿತ್ತು. ಆದರೂ ಪಗಾರ ಬಂದಿಲ್ಲ ಅಂತ ಗೌಂಡಿಗಳು ಕೆಲಸ ಬಿಟ್ಟು ಗೇಟ್ ಹತ್ತಿರ ಕೂತರು.

‘ಅದು ಗುತ್ತಿಗೆದಾರರು ನೋಡ್ಕೋಬೇಕು ಅಲ್ವಾ?’ ಎಂದರು ಆಫೀಸಿನಲ್ಲಿ. ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೇ ಕಲಂ ಓದಿ ಹೇಳಿದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಕೊಡಬೇಕು. ಆಮೇಲೆ ಅವರ ಬಿಲ್‌ನಲ್ಲಿ ಮುರಿದುಕೊಳ್ಳಬಹುದು. ಕೂಲಿ ಬಟವಾಡೆ ಮಾಡುವ ಹೊತ್ತಿಗೆ ಕಂಪನಿಯವರು ಎದುರಿಗಿರಬೇಕು. 2020ರ ಹೊಸ ಕಾರ್ಮಿಕ ಸಂಹಿತೆಯಲ್ಲೂ ಕೂಲಿ ಕೊಡುವ ಹೊಣೆ ಕಂಪನಿಯನ್ನು ಬಿಟ್ಟಿಲ್ಲ. ಬಾಕಿ ಪಗಾರ ನಾವೇ ಕೊಟ್ಟೆವು.

ಮುಂದಿನ ಶನಿವಾರದಿಂದ ಬಟವಾಡೆಗೆ ನಾನೂ ಕೂತೆ. ಮುಕದ್ದಮನ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ದಿನಕ್ಕೆ ಎರಡೆರಡು ಗೀಟು. ಒಂದು ಗಂಡನದು, ಇನ್ನೊಂದು ಹೆಂಡತಿಯದು. ಅವಳ ಹೆಸರೇ ಇಲ್ಲ, ಕೂಲಿಯೂ ಗಂಡನ ಕೈಗೆ.

‘ಅಕ್ಕಾರ, ನಿಮ್ಮ ಹೆಸರೇನ್ರಿ?’ ಎಂದೆ.

‘ನಂದ್ಯಾಕ ಬೇಕ್ರಿ ಸರ, ನಮ್ಮ ಮನಿಯವ್ರದು ಐತಲ್ರಿ.’

ಬೇಕೇ ಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸಲು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ ದಾಖಲೆ ಕೊಡಬೇಕು. ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಅದನ್ನು ಯಾರು ಬರೆದುಕೊಡ್ತಾರೆ? ಕಟ್ಟಡದ ವೆಚ್ಚದಲ್ಲಿ ಶೇ 1ರಷ್ಟು ಸೆಸ್ ಕಟ್ಟುವುದು ಇಂಥವರ ಹೆರಿಗೆ, ಆಸ್ಪತ್ರೆ, ಪಿಂಚಣಿಗಾಗಿಯೇ. ಇಟ್ಟಿಗೆ ಹೊತ್ತವಳಿಗೇ ಅದು ಸಿಗದಿದ್ದರೆ ಸುಮ್ನೆ ಚಲನ್ ತುಂಬಿ ಏನು ಬಂತು? ಹೆಂಗಸರ ಹೆಸರು ಬೇರೆ ಸಾಲಿನಲ್ಲಿ ಬರೆಸಿದೆ. ಬ್ಯಾಂಕ್ ಖಾತೆಯೂ ಅವರದೇ. ಕೆಲವು ಗಂಡಂದಿರು ಮುಖ ಸಿಂಡರಿಸಿದರು.

ಆಮೇಲೆ ಗುತ್ತಿಗೆ ಕರಾರನ್ನೂ ಬದಲಿಸಿದೆವು. ಹಾಜರಿ, ಪಗಾರ ಜಮೆಯಾದ ವಿವರ, ಪಿಎಫ್ ಚಲನ್ ಇಲ್ಲದೆ ಬಿಲ್ ಪಾಸಿಲ್ಲ. ನಮ್ಮನ್ನು ಕೇಳದೆ ಕೆಲಸವನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಆದರೆ ಬೇರು ಇರುವುದು ರೇಟ್‌ನಲ್ಲಿ. ಎಲ್ಲರಿಗಿಂತ ಕಡಿಮೆ ಹೇಳಿದವರಿಗೇ ಕೆಲಸ ಕೊಟ್ಟರೆ ಆ ಕಡಿತ ಕೊನೆಗೆ ಬೀಳುವುದು ಕೂಲಿಯ ಮೇಲೆ. ಅದಕ್ಕೇ ಕನಿಷ್ಠ ವೇತನದ ಪ್ರಕಾರ ಕೂಲಿ ಎಷ್ಟಾಗುತ್ತದೆ ಅಂತ ನಾವೇ ಮೊದಲು ಲೆಕ್ಕ ಹಾಕುತ್ತೇವೆ. ಅದಕ್ಕೆ ಸಾಲದ ಕೊಟೇಶನ್ ಎಷ್ಟೇ ಅಗ್ಗವಿದ್ದರೂ ಈಗ ಪಕ್ಕಕ್ಕಿಡುತ್ತೇವೆ.