ಹಿತ್ತಿಲ ಸಿಟ್‌ಔಟಿಗೆ ಮಾಡು ಹಾಕಿಸಿದ್ದು

ನಾನು ಮೊದಲು ಆರಿಸಿದ್ದು ನೆಲದ ಟೈಲು. ಎಡವಿದ್ದೇ ಅಲ್ಲಿ. ಮನೆಯ ಹಿಂಬದಿಯಲ್ಲಿ 4 ಮೀಟರ್ ಉದ್ದ, 3 ಮೀಟರ್ ಅಗಲದ ಜಾಗ ಸುಮ್ಮನೆ ಬಿಸಿಲು ಕಾಯುತ್ತ ಬಿದ್ದಿತ್ತು. ಅದಕ್ಕೊಂದು ಮಾಡು ಹಾಕಿಸಿ ನಾಲ್ಕು ಕುರ್ಚಿ ಇಡುವ ಆಸೆ. ಅಂಗಡಿಯಲ್ಲಿ ಕನ್ನಡಿಯಂತೆ ಹೊಳೆಯುವ ಟೈಲು ಕಂಡದ್ದೇ ಮುಂಗಡ ಕೊಟ್ಟು ಬಂದೆ; ಮಾಡಿನ ವಿಚಾರ ಆಮೇಲೆ ನೋಡಿದರಾಯಿತು ಅಂದುಕೊಂಡೆ. ಆದರೆ ಕಂಬ ಎಷ್ಟು ದಪ್ಪ ಬೇಕು, ಪಾಯ ಎಷ್ಟು ಆಳ ಹೋಗಬೇಕು, ನೀರು ಯಾವ ಕಡೆ ಸುರಿಯುತ್ತದೆ, ನೆಲ ಎಲ್ಲಿಯವರೆಗೆ ನೆನೆಯುತ್ತದೆ, ಇವೆಲ್ಲ ಮಾಡಿನಿಂದ ತೀರ್ಮಾನವಾಗುವ ಸಂಗತಿಗಳು.

ಮನಸ್ಸಿದ್ದದ್ದು ಹೆಂಚಿನ ಮೇಲೆ. ನಾನು ನೋಡಿದ್ದ ಹೆಂಚಿಗೆ 25 ಡಿಗ್ರಿಯಾದರೂ ಇಳಿಜಾರು ಬೇಕಿತ್ತು. ಮಹಡಿಯ ಕಿಟಕಿಯ ಕೆಳಗೆ ನನಗೆ ಸಿಗುವ ಎತ್ತರ 2.8 ಮೀಟರ್. ಪೇಪರಿನ ಮೇಲೆ ಗೆರೆ ಎಳೆದು ನೋಡಿದರೆ, 3 ಮೀಟರ್ ಮುಂದೆ ಬರುವಷ್ಟರಲ್ಲಿ ಮಾಡು 1.4 ಮೀಟರ್ ಇಳಿದು, ಹೊರಗಿನ ಅಂಚು ನನ್ನ ಭುಜದ ಮಟ್ಟಕ್ಕೆ ಬರುತ್ತಿತ್ತು. ತಲೆ ತಗ್ಗಿಸಿ ನುಸುಳುವ ಸಿಟ್‌ಔಟು ಯಾರಿಗೆ ಬೇಕು? ಹೆಂಚಿನ ಆಸೆ ಅಲ್ಲಿಗೇ ಮುಗಿಯಿತು.

ತಗಡಿನ ಶೀಟಿಗೆ ಇಳಿಜಾರು ಕಡಿಮೆ ಸಾಕು, ಗಟ್ಟಿಯೂ ಹೌದು. ಆದರೆ ಅದರ ಕೆಳಗೆ ಮಧ್ಯಾಹ್ನ ಕೂತರೆ ನೆತ್ತಿ ಕಾಯುತ್ತದೆ, ಮಳೆ ಬಂದರೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಮಧ್ಯೆ ಫೋಮ್ ತುಂಬಿದ ಶೀಟು ಹಾಕಿದರೆ ಶಾಖವೂ ಸದ್ದೂ ತಗ್ಗುತ್ತವೆ. ಆದರೆ ಬೆಳಕು ಪೂರಾ ನಿಂತುಹೋಗುತ್ತದೆ. ಬೆಳಕಿನ ಈ ಲೆಕ್ಕವನ್ನು ಹೆಚ್ಚಿನವರು ಮರೆಯುತ್ತಾರೆ. ಹೊರಗೆ ನೆರಳು ಮಾಡಿದರೆ ಅದಕ್ಕೆ ತಾಗಿದ ಒಳಕೋಣೆಯೂ ಕತ್ತಲಾಗುತ್ತದೆ. ನಮ್ಮ ಅಡುಗೆಮನೆಗೆ ಬೆಳಕು ಬರುವುದು ಆ ಕಡೆಯಿಂದಲೇ. ಅದಕ್ಕೇ ಎರಡು ಗಳ ನೆಟ್ಟು, ಹಳೆಯ ಕಂಬಳಿಯೊಂದನ್ನು ಮಾಡಿನ ಎತ್ತರಕ್ಕೆ ಕಟ್ಟಿ ಒಂದು ವಾರ ಬಿಟ್ಟೆ. ಮೂರನೇ ದಿನಕ್ಕೇ ಅಡುಗೆಮನೆಯಲ್ಲಿ ಹಗಲು ದೀಪ ಹಾಕಬೇಕಾಯಿತು. ಬೆಳಕು ಬಿಡದ ಶೀಟುಗಳೆಲ್ಲ ಪಟ್ಟಿಯಿಂದ ಹೊರಬಿದ್ದವು.

ಉಳಿದದ್ದು ಗಾಜು ಮತ್ತು ಪಾಲಿಕಾರ್ಬೊನೇಟ್ ಎಂಬ ಬೆಳಕು ಬಿಡುವ ಗಟ್ಟಿ ಪ್ಲಾಸ್ಟಿಕ್. ಗಾಜು 1 ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 2.5 ಕಿಲೋ ತೂಗುತ್ತದೆ. 10 ಮಿ.ಮೀ. ಹಾಕಿದರೆ ನನ್ನ 12 ಚದರ ಮೀಟರಿಗೆ 300 ಕಿಲೋ. ಒಳಗೆ ಟೊಳ್ಳು ಗೂಡುಗಳಿರುವ 10 ಮಿ.ಮೀ. ಪಾಲಿಕಾರ್ಬೊನೇಟ್ ಶೀಟು ಚದರ ಮೀಟರಿಗೆ 2 ಕಿಲೋ ಕೂಡ ತೂಗುವುದಿಲ್ಲ. ಇಳಿಜಾರು 5 ಡಿಗ್ರಿ ಸಾಕು, ಅಂದರೆ ನನ್ನ ಅಗಲಕ್ಕೆ ಬರೀ 26 ಸೆಂ.ಮೀ. ಬಣ್ಣದಲ್ಲಿ ಪಾರದರ್ಶಕ, ಕಂದು, ಹಾಲುಬಿಳಿ ಮೂರರ ತುಂಡುಗಳನ್ನೂ ತಂದು ನಡುಮಧ್ಯಾಹ್ನ ಕುರ್ಚಿಯ ಮೇಲೆ ಹಿಡಿದು ನೋಡಿದೆ. ಪಾರದರ್ಶಕದ ಕೆಳಗೆ ಬಿಸಿಲು ಬಿಸಿಲಾಗಿಯೇ ಇತ್ತು. ಕಂದಿನ ಕೆಳಗೆ ಎಲ್ಲರ ಮುಖವೂ ಕಾಯಿಲೆ ಬಿದ್ದವರಂತೆ ಕಂಡಿತು. ಹಾಲುಬಿಳಿಯಲ್ಲಿ ಆಕಾಶ ಕಾಣುವುದಿಲ್ಲ, ಆದರೆ ಬೆಳಕು ಹದವಾಗಿ ಹರಡುತ್ತದೆ. ಅದನ್ನೇ ತಂದೆ.

ಹಗುರ ಎಂದು ಕಂಬ ತೆಳ್ಳಗೆ ಮಾಡಿಸಿದರೆ ಕೆಟ್ಟೆವು. ಇಂಥ ಮಾಡಿನ ಮೇಲೆ ಗಾಳಿ ಒತ್ತುವುದಕ್ಕಿಂತ ಅದನ್ನು ಕೆಳಗಿನಿಂದ ಎತ್ತುವುದೇ ಅಪಾಯ. ಕಂಬಗಳು ಮಾಡನ್ನು ಹೊರುವುದರ ಜೊತೆಗೆ ಹಾರದಂತೆ ಹಿಡಿದಿಡಲೂ ಬೇಕು. ಹಾಗಾಗಿ ಕಾಂಕ್ರೀಟ್ ಪಾಯಕ್ಕೆ ಬೋಲ್ಟ್ ಹಾಕಿ ಕಂಬ ನಿಲ್ಲಿಸಿದೆವು. ಮರ ಚೆಂದ ನಿಜ, ಆದರೆ ವರ್ಷ ವರ್ಷ ಎಣ್ಣೆ ಬಳಿಯುವ ತಾಳ್ಮೆ ನನಗಿಲ್ಲ. ಸತು ಲೇಪಿಸಿದ ಕಬ್ಬಿಣದ ಪೈಪು, ಅಂದರೆ ಜಿಐ ಪೈಪು ಆರಿಸಿದೆ. ವೆಲ್ಡಿಂಗ್ ಮಾಡಿದ ಕಡೆ ಸತುವಿನ ಲೇಪ ಸುಟ್ಟುಹೋಗುತ್ತದೆ, ತುಕ್ಕು ಮೊದಲು ಹಿಡಿಯುವುದು ಅಲ್ಲೇ. ಪ್ರತಿ ಬೆಸುಗೆಯನ್ನೂ ಉಜ್ಜಿಸಿ ಸತುವಿನ ಪ್ರೈಮರ್ ಬಳಿಸಿದೆ. ಕಂಬದ ಬುಡ ನೆಲದ ನೀರಿನಲ್ಲಿ ನಿಲ್ಲದಂತೆ 5 ಸೆಂ.ಮೀ. ಎತ್ತರದ ಕಾಂಕ್ರೀಟ್ ಪೀಠ ಕಟ್ಟಿಸಿದೆ. ಶೀಟು ಕೂರುವ ಪಟ್ಟಿಗಳ ಮೇಲ್ಮೈಗೆ ಬಿಳಿ ಬಣ್ಣ. ಕಪ್ಪಾದರೆ ಅವು ಕಾದು ಶೀಟನ್ನೇ ಹಾಳು ಮಾಡುತ್ತವೆ.

ಶೀಟು ಕೂರಿಸುವಾಗ ನಾನು ಹತ್ತಿರ ನಿಂತೇ ಇದ್ದೆ, ಆದರೂ ತಪ್ಪಾಯಿತು. ಈ ಶೀಟಿನ ಒಂದು ಮುಖಕ್ಕೆ ಮಾತ್ರ ಅತಿನೇರಳೆ ಕಿರಣ ತಡೆಯುವ ಪದರ ಇತ್ತು. ಆ ಮುಖ ಸೂರ್ಯನ ಕಡೆಗಿರಬೇಕು. ಗುರುತಿದ್ದದ್ದು ಮೇಲೆ ಅಂಟಿಸಿದ್ದ ತೆಳು ಹಾಳೆಯಲ್ಲಿ. ನಾನು ಟೀ ಕುಡಿಯಲು ಒಳಗೆ ಹೋಗಿ ಬರುವಷ್ಟರಲ್ಲಿ ಕೆಲಸದ ಹುಡುಗ ಎರಡು ಶೀಟುಗಳ ಹಾಳೆಯನ್ನು ಎರಡೂ ಕಡೆ ಕಿತ್ತು ಗೋಡೆಗೆ ಒರಗಿಸಿಟ್ಟಿದ್ದ. ಯಾವ ಮುಖ ಯಾವುದೆಂದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ಎರಡನ್ನು ಪಕ್ಕಕ್ಕಿಟ್ಟು ಬೇರೆ ತರಿಸಿದೆ.

ಇನ್ನೊಂದು, ಈ ಶೀಟು ಹಿಗ್ಗುತ್ತದೆ. 40 ಡಿಗ್ರಿ ಏರಿಳಿತಕ್ಕೆ 3 ಮೀಟರಿನ ಶೀಟು ಸುಮಾರು 8 ಮಿ.ಮೀ. ಹಿಗ್ಗಿ ಕುಗ್ಗಿದರೆ, ಕೆಳಗಿನ ಕಬ್ಬಿಣ ಒಂದೂವರೆ ಮಿ.ಮೀ. ಆಡುತ್ತದೆ ಅಷ್ಟೆ. ಸ್ಕ್ರೂವಿಗಿಂತ ತೂತು ದೊಡ್ಡದಿರಲಿ, ರಬ್ಬರ್ ವಾಷರ್ ಹಾಕಿ ಹದವಾಗಿ ಬಿಗಿಯಲಿ. ಈಗಲೂ ಸಂಜೆ ಬಿಸಿಲು ಇಳಿದಾಗ ಮೇಲಿನಿಂದ ಟಕ್ ಟಕ್ ಸದ್ದು ಬರುತ್ತದೆ. ಹೊಸದಾಗಿ ಬಂದವರು ಬೆಕ್ಕು ಓಡಾಡುತ್ತಿದೆ ಅಂದುಕೊಳ್ಳುತ್ತಾರೆ. ಸಂದಿಗಳಿಗೆ ತುಂಬುವ ಸಿಲಿಕೋನ್ ಅಂಟಿನಲ್ಲಿ ವಿನೆಗರ್ ವಾಸನೆ ಬರುವ ಬಗೆ ಈ ಶೀಟಿಗೆ ಆಗಿಬರುವುದಿಲ್ಲ, ನ್ಯೂಟ್ರಲ್ ಎಂದು ಬರೆದದ್ದನ್ನೇ ಕೇಳಿ ತಂದೆ.

ಕೊನೆಗೆ ನೆಲ. ಅಂಗಡಿಯ ಟೈಲಿನ ಮೇಲೆ ಒಂದು ಚೊಂಬು ನೀರು ಸುರಿದು ಬರಿಗಾಲಲ್ಲಿ ನಿಂತು ನೋಡಿದೆ. ಎರಡನೇ ಹೆಜ್ಜೆಗೆ ಜಾರಿ ಗೋಡೆ ಹಿಡಿದುಕೊಂಡೆ. ಮೇಲೆ ಮಾಡು ಇದ್ದರೂ ಮಳೆಯ ಎರಚಲಿಗೆ ಹೊರಗಿನ ಒಂದು ಮೀಟರ್ ನೆನೆಯುತ್ತದೆ. ಮುಂಗಡದ ಹಣ ವಾಪಸ್ ಬರಲಿಲ್ಲ. ಒರಟು ಮೈಯ ವಿಟ್ರಿಫೈಡ್ ಟೈಲಿಗೆ ಬದಲಾಯಿಸಿ, ಮೀಟರಿಗೆ ಒಂದೂವರೆ ಸೆಂ.ಮೀ. ಇಳಿಜಾರು ಹೊರಕ್ಕೆ ಕೊಡಿಸಿದೆ.

ಇದೆಲ್ಲ ಆಗಿ ನಾಲ್ಕು ವರ್ಷ. ಗುರುತು ಕಳೆದುಕೊಂಡ ಆ ಎರಡು ಶೀಟುಗಳನ್ನು ಆಗಲೇ ಸಸಿಗಳ ಕುಂಡಗಳಿಗೆ ಮಾಡಾಗಿ ಕಟ್ಟಿದ್ದೆ. ಒಂದು ಇನ್ನೂ ಹಾಲಿನಂತೆಯೇ ಇದೆ. ಇನ್ನೊಂದು ಹಳದಿಯಾಗಿ, ಉಗುರು ತಾಕಿದರೆ ಗೀರು ಬೀಳುತ್ತದೆ.